ಬೋಟಿಗೆ "ಮನೇಲೇ ಮಾಡಿದ ಮರೈನ್ ಫ್ಲೋರಿಂಗ್" ಹಾಕಿಸುವ ಮೊದಲು ದಯವಿಟ್ಟು ಇದನ್ನು ಓದಿ

ಕೊಡಗಿನಲ್ಲಿ ತೋಟದ ಕೆರೆಗೆ, ಹೋಮ್‌ಸ್ಟೇಗೆ ಅಂತ ಚಿಕ್ಕ ಬೋಟ್ ಇಟ್ಟುಕೊಂಡಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಹಳೇ ಕಾರ್ಪೆಟ್ ಕಿತ್ತು, ಕಂಪನಿ ರೇಟಿನ ಕಾಲು ಭಾಗಕ್ಕೆ ಮರೈನ್ ಫ್ಲೋರಿಂಗ್ (ನೀರು ಹಿಡಿಯದ ಬೋಟಿನ ನೆಲಹಾಸು) ಹಾಕಿಕೊಡುತ್ತೇನೆ ಅಂತ ಒಬ್ಬ ತಿರುಗಾಡುತ್ತಿದ್ದಾನೆ. ಎಲ್ಲ ಮನೇಲೇ ತಯಾರಿಸುತ್ತಾನಂತೆ, ಅದಕ್ಕೇ ಅಗ್ಗವಂತೆ. ನಮ್ಮಿಂದ 19,000 ರೂಪಾಯಿ ತೆಗೆದುಕೊಂಡು ಹೋದ. ಬೋಟ್ ಮೊದಲಿಗಿಂತ ಹಾಳಾಯಿತು. ದುಡ್ಡು ಹೋದದ್ದು ಒಂದು ಕಡೆ. ಆಮೇಲೆ ಫೋನ್ ಮಾಡಿದಾಗ ಅವನು ಕೊಟ್ಟ ಉತ್ತರಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ದೂರು ಕೊಟ್ಟಿದ್ದೇವೆ, ಹಾಗಾಗಿ ಹೆಸರು ಹಾಕುತ್ತಿಲ್ಲ.

ನಮ್ಮದು ಸುಂಟಿಕೊಪ್ಪ ಕಡೆ ತೋಟ. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕುವುದಕ್ಕೆ ಅಂತ ತೋಡಿಸಿದ ಕೆರೆ ಇದೆ. ಕಳೆ ತೆಗೆಯುವುದಕ್ಕೆ, ಪಂಪಿನ ಫುಟ್‌ವಾಲ್ವ್ ನೋಡುವುದಕ್ಕೆ ಸೆಕೆಂಡ್ ಹ್ಯಾಂಡ್ ಫೈಬರ್ ಬೋಟ್ ಒಂದನ್ನು ತಂದಿದ್ದೆವು. ಹೋಮ್‌ಸ್ಟೇ ಶುರುವಾದ ಮೇಲೆ ಗೆಸ್ಟ್‌ಗಳೂ ಅದರಲ್ಲಿ ಒಂದು ಸುತ್ತು ಹೋಗುತ್ತಿದ್ದರು. ಒಳಗೆ ಪ್ಲೈವುಡ್ ಹಲಗೆ, ಅದರ ಮೇಲೆ ಕಾರ್ಪೆಟ್. ಕೊಡಗಿನ ಮಳೆಯಲ್ಲಿ ಕಾರ್ಪೆಟ್ ಏನಾಗುತ್ತದೆ ಅಂತ ಹೇಳಬೇಕಾ? ಒಮ್ಮೆ ನೀರು ಕುಡಿದರೆ ಒಣಗುವ ಮಾತೇ ಇಲ್ಲ. ವಾಸನೆ, ಬೂಷ್ಟು. ಕಾರ್ಪೆಟ್ಟಿನ ಎಳೆ ಪ್ಲಾಸ್ಟಿಕ್ಕಿನದು, ಅದು ಕೊಳೆಯುವುದಿಲ್ಲ. ಅದು ಹಿಡಿದಿಟ್ಟುಕೊಂಡ ನೀರಿನಿಂದ ಕೆಳಗಿನ ಹಲಗೆ ಕೊಳೆಯುತ್ತದೆ. ಅದನ್ನು ತೆಗೆಸಲೇಬೇಕಿತ್ತು.

ಮೇ ತಿಂಗಳಲ್ಲಿ ಈ ಮನುಷ್ಯ ಬಂದ. ಪರಿಚಯದವರೊಬ್ಬರು ವಾಟ್ಸಾಪ್‌ನಲ್ಲಿ ಅವನ ವಿಡಿಯೋ ಕಳಿಸಿದ್ದರು. ಬಂದವನು ಬ್ಯಾಗಿನಿಂದ ಒಂದು ಸ್ಯಾಂಪಲ್ ತೆಗೆದ. ಬೂದು ಬಣ್ಣದ ಇವಿಎ ಫೋಮ್ (ರಬ್ಬರಿನ ಹಾಗಿರುವ ಪ್ಲಾಸ್ಟಿಕ್ ಫೋಮ್), ಮೇಲೆ ಕಪ್ಪು ಗೆರೆ. ನೀರು ಸುರಿದು ತೋರಿಸಿದ, ಒಂದು ಹನಿಯೂ ಒಳಗೆ ಹೋಗಲಿಲ್ಲ. ಕಾಲಿಟ್ಟರೆ ಜಾರಲಿಲ್ಲ. ಉಗುರಿನಿಂದ ಒತ್ತಿದೆ, ಗುರುತು ನಿಲ್ಲಲಿಲ್ಲ. ನಿಜವಾಗಿ ಒಳ್ಳೆಯ ಮಾಲು ಅದು. ಕೆಳಗಿನ ಹಲಗೆಯನ್ನೂ ಬದಲಾಯಿಸಿ 710 ಮರೈನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್ ಹಾಕುತ್ತೇನೆ, ನೀರು ಇಳಿಯದ ಹಾಗೆ ರೆಸಿನ್ ಹೊಡೆಯುತ್ತೇನೆ, ಐದು ವರ್ಷ ನೋಡಬೇಕಾಗಿಲ್ಲ ಅಂದ. ಅಡ್ವಾನ್ಸ್ 10,000, ಕೆಲಸ ಮುಗಿದ ಮೇಲೆ 9,000.

"ಆ ಸ್ಯಾಂಪಲ್ ಇಲ್ಲೇ ಬಿಟ್ಟು ಹೋಗಿ" ಅಂದೆ.

"ಒಂದೇ ಇರೋದು ಅಕ್ಕಾ, ಬೇರೆಯವರಿಗೂ ತೋರಿಸ್ಬೇಕಲ್ವಾ" ಅಂದು ಮತ್ತೆ ಬ್ಯಾಗಿಗೆ ಹಾಕಿಕೊಂಡ.

ಮಾತಿಗೆ ಮೊದಲು ಅಕ್ಕಾ, ಮಾತಿಗೆ ಕೊನೆಗೆ ಅಕ್ಕಾ. ನಮ್ಮನೆಯವರನ್ನು ಕಂಡರೆ ಅಣ್ಣಾ. ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ ಮಾಡಿದ. ಅನ್ನ ಹಾಕಿದ ಕೈ ಇದು. ಅದಕ್ಕೇ ಸಿಟ್ಟು ಜಾಸ್ತಿ.

ಕೆಲಸಕ್ಕೆ ಬಂದ ದಿನ ತೋಟದಲ್ಲಿ ಆಳುಗಳಿದ್ದರು, ನಾವಿಬ್ಬರೂ ಅಲ್ಲೇ ನಿಂತು ನೋಡಲು ಆಗಲಿಲ್ಲ. ಸಂಜೆ ಹೋಗುವಷ್ಟರಲ್ಲಿ ಬೋಟ್ ಮಿಂಚುತ್ತಿತ್ತು. ಬೂದು ಬಣ್ಣ, ಕಪ್ಪು ಗೆರೆ, ಎಲ್ಲ ಸ್ಯಾಂಪಲ್ಲಿನ ಹಾಗೇ ಇತ್ತು. ಸ್ವಲ್ಪ ದಪ್ಪ ಅನ್ನಿಸಿತು, ಕೇಳಿದೆ. "ದಪ್ಪ ಇದ್ರೆ ಗಟ್ಟಿ ಅಲ್ವಾ ಅಕ್ಕಾ, ನಿಮಗೆ ಅಂತ ಜಾಸ್ತಿ ದಪ್ಪದ್ದು ಹಾಕಿದೀನಿ" ಅಂದ. ಬೋಟಿನ ಇವಿಎ ಸಾಮಾನ್ಯವಾಗಿ 6 ಮಿಲಿಮೀಟರ್ ಆಸುಪಾಸು ಇರುತ್ತದೆ. ತೆಳ್ಳಗಿದ್ದರೂ ಒಳಗೆ ಒತ್ತಾಗಿ ಇರುತ್ತದೆ, ಬಿಸಿಲು ತಡೆಯುವ ಅಂಶ ಸೇರಿಸಿರುತ್ತಾರೆ. ಇವನು ಹಾಕಿದ್ದು ಅದರ ಎರಡರಷ್ಟು ದಪ್ಪ. ಬಿಲ್ ಕೇಳಿದೆವು. "ಮನೇಲಿ ಮಾಡೋದಕ್ಕೆ ಬಿಲ್ ಎಲ್ಲಿಂದ ಬರುತ್ತೆ ಅಕ್ಕಾ? ಬಿಲ್ ಹಾಕಿದ್ರೆ ಈ ರೇಟಿಗೆ ಆಗುತ್ತಾ?" ಅಂದ. ದುಡ್ಡು ಪೂರ್ತಿ ಫೋನಿನಲ್ಲೇ ಕಳಿಸಿದೆವು. ಪುಣ್ಯಕ್ಕೆ ಅದಕ್ಕಾದರೂ ದಾಖಲೆ ಉಳಿಯಿತು.

ಮಳೆ ಹಿಡಿಯುವ ಮೊದಲೇ ಶುರುವಾಯಿತು. ಮೇ ಬಿಸಿಲಿಗೆ ಫೋಮ್ ಕುಗ್ಗಿ, ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಬೆರಳು ಹೋಗುವಷ್ಟು ಸಂದು ಬಿತ್ತು. ಅಲ್ಲಲ್ಲಿ ಗುಳ್ಳೆ ಎದ್ದಿತು. ಕುಳಿತು ಎದ್ದರೆ ಕುರ್ಚಿ ಕಾಲಿನ ಗುಂಡಿ ಹಾಗೇ ಉಳಿಯುತ್ತಿತ್ತು. ಫೋನ್ ಮಾಡಿದೆ.

"ಬೋಟ್ ಬಿಸಿಲಲ್ಲಿ ಇಟ್ಟಿದ್ರಾ ಅಕ್ಕಾ?"

ಕೆರೆಯಲ್ಲಿರುವ ಬೋಟ್ ಬಿಸಿಲಲ್ಲದೆ ಎಲ್ಲಿರುತ್ತದೆ? ಅದನ್ನೇ ಕೇಳಿದೆ. "ಅದೇ ಪ್ರಾಬ್ಲಂ ಅಕ್ಕಾ. ನೆರಳಲ್ಲಿಡಿ. ಮಳೆ ಬಂದ್ರೆ ತಾನೇ ಸರಿ ಹೋಗುತ್ತೆ, ಉಬ್ಕೊಂಡು ಸಂದು ಮುಚ್ಕೊಳ್ಳುತ್ತೆ" ಅಂದ. ನೀರು ಕುಡಿಯುವುದೇ ಇಲ್ಲ ಅಂತ ಸುರಿದು ತೋರಿಸಿದವನು ಈಗ ನೀರು ಕುಡಿದು ಉಬ್ಬುತ್ತದೆ ಅನ್ನುತ್ತಾನೆ! ಹೇಳಿದ್ದಕ್ಕೆ, "ನಿಮಗೆ ಟೆಕ್ನಿಕಲ್ ಗೊತ್ತಾಗಲ್ಲ ಅಕ್ಕಾ, ಅಣ್ಣನ ಹತ್ರ ಫೋನ್ ಕೊಡಿ" ಅಂದ.

ನಮ್ಮನೆಯವರು ಮಾತಾಡಿದರು. ಬಂದು ನೋಡುತ್ತೇನೆ ಅಂದ. ಬರಲಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ನಮ್ಮಲ್ಲಿ ಯಾರೂ ಬೋಟ್ ಇಳಿಸುವುದಿಲ್ಲ, ಶೆಡ್ಡಿನಲ್ಲಿ ಇಟ್ಟೆವು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಕಳೆದು ಬಿಸಿಲು ಕಂಡ ಮೇಲೆ ಮತ್ತೆ ಕೆರೆಗೆ ಇಳಿಸಿದೆವು. ಮೇಲಿಂದ ನೋಡಿದರೆ ಸಂದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ದಸರಾ ರಜೆಗೆ ಮನೆ ತುಂಬಾ ಗೆಸ್ಟ್‌ಗಳು. ಮಡಿಕೇರಿ ದಸರಾ ಅಂದರೆ ಇಲ್ಲಿ ಒಂದು ರೂಮೂ ಖಾಲಿ ಇರುವುದಿಲ್ಲ, ನಿಮಗೆ ಗೊತ್ತೇ ಇದೆ. ಮೈಸೂರಿನ ಒಂದು ಕುಟುಂಬ, ಜೊತೆಗೆ ವಯಸ್ಸಾದ ತಂದೆ. ಲೈಫ್ ಜಾಕೆಟ್ ಹಾಕಿಸಿ ದಡದಿಂದ ಬೋಟಿಗೆ ಹತ್ತಿಸುತ್ತಿದ್ದೆವು. ಅವರು ಕಾಲಿಟ್ಟ ತುಂಡು ಅಂಟು ಬಿಟ್ಟು ಹಾಗೇ ಮುಂದೆ ಸರಿಯಿತು. ಇನ್ನೊಂದು ಕಾಲು ಊರಿದರು, ಹಲಗೆ ಕುಸಿದು ಪಾದ ಒಳಗೆ ಹೋಯಿತು. ನಮ್ಮ ಹುಡುಗ ಹಿಡಿದುಕೊಂಡ, ಇಲ್ಲದಿದ್ದರೆ ಸೊಂಟವೋ ತಲೆಯೋ ಹೋಗುತ್ತಿತ್ತು. ಕಣಕಾಲು ತರಚಿತು, ಅಷ್ಟರಲ್ಲೇ ಮುಗಿಯಿತು. ಅವರ ಮಗ ಒಂದು ಮಾತೂ ಬೈಯಲಿಲ್ಲ. "ಮೇಡಂ, ಇದರಲ್ಲಿ ಮಕ್ಕಳನ್ನು ಕೂರಿಸಬೇಡಿ" ಅಂದರು, ಅಷ್ಟೇ. ನನಗೆ ಮುಖ ಎತ್ತಲು ಆಗಲಿಲ್ಲ. ಆ ದಿನದ ಬಾಡಿಗೆ ತೆಗೆದುಕೊಳ್ಳಲಿಲ್ಲ.

ಸಂಜೆ ಬೋಟ್ ದಡಕ್ಕೆ ಎಳೆಸಿ, ಮನೆಗೆ ಯಾವಾಗಲೂ ಬರುವ ಆಚಾರಿಯನ್ನು ಕರೆಸಿದೆವು. ಫೋಮಿನ ಮೂಲೆ ಹಿಡಿದು ಎಳೆದರು, ಪೂರ್ತಿ ಎದ್ದು ಬಂತು. ತಿರುಗಿಸಿ ನನ್ನ ಕೈಗೆ ಕೊಟ್ಟರು. ಅಡಿಯಲ್ಲಿ ಹಳದಿ. ಒಂದು ಬದಿಯಲ್ಲಿ ಅರ್ಧ ಕತ್ತರಿಸಿದ ಹಲ್ಲು. ಮಕ್ಕಳ ಆಟಕ್ಕೆ ನೆಲದ ಮೇಲೆ ಒಂದಕ್ಕೊಂದು ಸಿಕ್ಕಿಸಿ ಹಾಸುತ್ತೇವಲ್ಲ, ಆ ಮ್ಯಾಟ್! ಹಲ್ಲು ಕತ್ತರಿಸಿ, ಮೇಲೆ ಬೂದು ಪೇಂಟ್ ಹೊಡೆದು, ಕಪ್ಪು ಗೆರೆ ಎಳೆದಿದ್ದಾನೆ. ಮುಂದಿನ ತುಂಡು ಎತ್ತಿದರೆ ಕೆಂಪು. ಅದರ ಮುಂದಿನದು ನೀಲಿ. ಇದೇ ನಮ್ಮ ಮರೈನ್ ಫ್ಲೋರಿಂಗ್. ಆ ಹಳದಿ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ, ಮಾತೇ ಹೊರಡಲಿಲ್ಲ. ಮಕ್ಕಳ ಮ್ಯಾಟ್. ಇದಕ್ಕೆ 19,000. ಇದರ ಮೇಲೆ ಬೇರೆಯವರ ಮನೆಯ ಹಿರಿಯರನ್ನು ಹತ್ತಿಸಿದ್ದೆವು.

ಹಲಗೆಯ ಕಥೆ ಇನ್ನೂ ಕೆಟ್ಟದ್ದು. ಅಂಚಿನಲ್ಲಿ ಪದರ ಪದರ ಬಿಟ್ಟು ಹಪ್ಪಳದ ಹಾಗೆ ಉಬ್ಬಿತ್ತು. ರೆಸಿನ್ ಹೊಡೆದಿದ್ದು ಮೇಲ್ಭಾಗಕ್ಕೆ ಮಾತ್ರ. ಅಡಿಭಾಗ ಬರೀ ಮರ, ಅಂಚು ಬರೀ ಮರ, ಸ್ಕ್ರೂ ಹಾಕಿದ ತೂತೂ ಬರೀ ಮರ. ಬೋಟಿನಲ್ಲಿ ನೀರು ನಿಲ್ಲುವುದೇ ಹಲಗೆಯ ಅಡಿಗೆ ಅಲ್ವಾ? ಕೆಳಗಿನಿಂದ ಕುಡಿದ ನೀರು ಮೇಲಿನ ರೆಸಿನ್‌ನಿಂದಾಗಿ ಆರುವುದಕ್ಕೂ ದಾರಿಯಿಲ್ಲದೆ ಒಳಗೇ ಕೊಳೆಸಿದೆ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲ್ ಅಂದಿದ್ದ, ಎಲ್ಲ ತುಕ್ಕು. ಗಮ್ ಎರಡೂ ಕಡೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕಂತೆ. ಇವನು ಹಸಿಯಲ್ಲೇ ಮೆತ್ತಿ ಹೋಗಿದ್ದಾನೆ, ಗುಳ್ಳೆ ಎದ್ದದ್ದು ಅದಕ್ಕೇ.

ಹಲಗೆ ಮೇಲೆ 710 ಅಂತ ಕಪ್ಪು ಬಣ್ಣದಲ್ಲಿ ಇತ್ತು. ಆಚಾರಿ ಬೆರಳಿಗೆ ಥಿನ್ನರ್ ಮುಟ್ಟಿಸಿ ಉಜ್ಜಿದರು, ಹೋಯಿತು. "ಅಮ್ಮಾ, ಇದು ಬೀರು ಮಾಡೋ ಕಮರ್ಷಿಯಲ್ ಪ್ಲೈ. ನೀರಿಗೆ ಹಾಕೋದಲ್ಲ" ಅಂದರು. ನಂಬಿಕೆ ಬರಲಿ ಅಂತ ಕೆಡದೇ ಉಳಿದಿದ್ದ ಕಡೆಯಿಂದ ಒಂದು ತುಂಡು ಕತ್ತರಿಸಿ, ಸ್ನಾನದ ಮನೆಯ ಹಂಡೆಯಲ್ಲಿ ಕುದಿಯುವ ನೀರಿಗೆ ಹಾಕಿಸಿದರು. ಬೆಳಿಗ್ಗೆ ತೆಗೆದರೆ ಪದರಗಳು ಬೇರೆ ಬೇರೆ ತೇಲುತ್ತಿದ್ದವು. ಐಎಸ್ 710 ಪ್ಲೈ ಅಂದರೆ 72 ಗಂಟೆ ಕುದಿಸಿದರೂ ಪದರ ಬಿಡಬಾರದು, ಪರೀಕ್ಷೆಯೇ ಹಾಗಿದೆ. ಇದು ಒಂದು ರಾತ್ರಿ ನಿಲ್ಲಲಿಲ್ಲ.

ಫೋಟೋ, ವಿಡಿಯೋ ಎಲ್ಲ ಅವನಿಗೆ ಕಳಿಸಿದೆ. ಮೊದಲು ನೋಡಿ ಸುಮ್ಮನಿದ್ದ. ಆಮೇಲೆ ವಾಯ್ಸ್ ಮೆಸೇಜ್ ಬಂತು. "ಅಕ್ಕಾ, ಕೊಡಗಿನ ಮಳೆಗೆ ಯಾವ ಕಂಪನಿನೂ ಗ್ಯಾರಂಟಿ ಕೊಡಲ್ಲ."

ಬಿಸಿಲಿಗೂ ಆಗಲ್ಲ, ಮಳೆಗೂ ಆಗಲ್ಲ ಅಂದರೆ ಅದನ್ನು ಬೋಟಿಗೆ ಯಾಕೆ ಹಾಕಿದೆ?

"ಇವಿಎ ಅಂದಿದ್ದೆ, ಇವಿಎನೇ ಹಾಕಿದೀನಿ. ಮ್ಯಾಟ್ ಕೂಡ ಇವಿಎನೇ ಅಕ್ಕಾ, ಗೂಗಲ್ ಮಾಡಿ ನೋಡಿ."

ಈ ಮಾತನ್ನು ನಾನು ಮರೆಯುವುದಿಲ್ಲ. ಹೌದು, ಮಕ್ಕಳ ಮ್ಯಾಟನ್ನೂ ಎಷ್ಟೋ ಸಲ ಇವಿಎಯಿಂದಲೇ ಮಾಡುತ್ತಾರೆ. ಅವನ ಮೋಸ ಇರುವುದೇ ಅಲ್ಲಿ. ಸುಳ್ಳು ಹೇಳದ ಹಾಗೆ ಸುಳ್ಳು ಹೇಳುವುದು. ತೋರಿಸಿದ್ದು ಒಂದು, ಹಾಕಿದ್ದು ಒಂದು, ಹೆಸರು ಮಾತ್ರ ಎರಡಕ್ಕೂ ಒಂದೇ. 710 ಅಂತ ಬರೆದದ್ದು ಯಾಕೆ ಅಂತ ಕೇಳಿದೆ. ಅದು ಅಂಗಡಿಯವರು ಬರೆದದ್ದಂತೆ. ಯಾವ ಅಂಗಡಿ? ಉತ್ತರ ಇಲ್ಲ. ಹಿರಿಯರೊಬ್ಬರು ಬೀಳುತ್ತಿದ್ದರು ಅಂದೆ. "ವಯಸ್ಸಾದವರನ್ನ ಬೋಟಿಗೆ ಹತ್ತಿಸಿದ್ದು ನಿಮ್ಮ ತಪ್ಪು" ಅಂದ. ದುಡ್ಡು ವಾಪಸ್ ಕೊಡು ಅಂದೆ. "ಹೊಸದಾಗಿ ಹಾಕಿಕೊಡ್ತೀನಿ, ಮೆಟೀರಿಯಲ್‌ಗೆ 8,000 ಕಳಿಸಿ" ಅಂದ. ಮತ್ತೆ 8,000! ಎಷ್ಟು ಧೈರ್ಯ ನೋಡಿ. ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ ಅಂದದ್ದಕ್ಕೆ, "ನಮ್ಮ ಊರಿಗೆ ಬಂದು ಹಾಕಿ, ಬಿಲ್ಲೇ ಇಲ್ವಲ್ಲ" ಅಂತ ಹೇಳಿ ನಂಬರ್ ಬ್ಲಾಕ್ ಮಾಡಿದ.

ಅವನ ಊರಿಗೆ ಹೋಗಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ನಮಗೆ ಮಡಿಕೇರಿ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ದೂರು ಬರೆದುಕೊಳ್ಳುತ್ತಾರೆ. ದುಡ್ಡು ಕಳಿಸಿದ ದಾಖಲೆ, ವಾಯ್ಸ್ ಮೆಸೇಜ್, ಫೋಟೋ ಎಲ್ಲ ಇಟ್ಟುಕೊಂಡಿದ್ದೇವೆ. ಮ್ಯಾಟ್ ತುಂಡುಗಳನ್ನೂ ಎಸೆದಿಲ್ಲ, ನೀವೂ ಎಸೆಯಬೇಡಿ.

ಇನ್ನು ಮಾಡಿಸುವವರಿಗೆ. ಕಾರ್ಪೆಟ್ ತೆಗೆಸಿ, ಅದು ಸರಿ. ಮನೆಯಲ್ಲೇ ಕಡಿಮೆ ಖರ್ಚಿನಲ್ಲಿ ಮಾಡುವುದಕ್ಕೂ ಆಗುತ್ತದೆ, ನಾವು ಈಗ ಆಚಾರಿ ಕೈಯಲ್ಲಿ ಅದನ್ನೇ ಮಾಡಿಸಿದ್ದೇವೆ. ಪ್ಲೈ ನೀವೇ ಅಂಗಡಿಗೆ ಹೋಗಿ ಬಿಲ್ ಹಾಕಿಸಿ ತನ್ನಿ. ಐಎಸ್ಐ ಗುರುತು, ಐಎಸ್ 710, ಅದರ ಜೊತೆ ಸಿಎಂ/ಎಲ್ ನಂಬರ್ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಲೈಸೆನ್ಸ್ ಅಂತ ಬರುತ್ತದೆ. ಎಪಾಕ್ಸಿ ರೆಸಿನ್ ಅನ್ನು ಮೇಲೆ, ಕೆಳಗೆ, ಅಂಚಿಗೆ, ಸ್ಕ್ರೂ ತೂತಿಗೆ, ಎಲ್ಲ ಕಡೆ ಹೊಡೆಸಿ. ಒಂದೇ ಕೋಟ್‌ಗೆ ನಿಲ್ಲಿಸಬೇಡಿ. ಸ್ಕ್ರೂ ಸ್ಟೇನ್‌ಲೆಸ್ ಇರಲಿ. ಈ ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಆಗಬೇಕು. ಮಳೆ ಥಂಡಿಯಲ್ಲಿ ಹೊಡೆದರೆ ಮೇಲೆ ಬಿಳಿಚಿಕೊಳ್ಳುತ್ತದೆ, ಮುಂದಿನ ಕೋಟು ಹಿಡಿಯುವುದಿಲ್ಲ. ಫೋಮ್ ಹಾಕಲೇಬೇಕು ಅಂತಿಲ್ಲ. ನಾವು ಕೊನೆಯ ಪೇಂಟ್ ಹಸಿ ಇರುವಾಗ ಜರಡಿ ಹಿಡಿದು ಒಣಗಿಸಿದ ಸಣ್ಣ ಮರಳು ಉದುರಿಸಿ, ಮೇಲೆ ಇನ್ನೊಂದು ಕೋಟು ಹೊಡೆಸಿದೆವು. ಒದ್ದೆ ಕಾಲಿಗೂ ಜಾರುವುದಿಲ್ಲ. ಆ ಮನುಷ್ಯನಿಗೆ ಕೊಟ್ಟ ದುಡ್ಡಿನ ಅರ್ಧವೂ ಖರ್ಚಾಗಲಿಲ್ಲ.

ಫೋಮೇ ಬೇಕು ಅನ್ನುವವರು ಸ್ಯಾಂಪಲ್ ತುಂಡನ್ನು ಕೈಯಲ್ಲಿ ಇಟ್ಟುಕೊಳ್ಳದೆ ಒಂದು ರೂಪಾಯಿ ಕೊಡಬೇಡಿ. ಅಂಟಿಸುವ ಮೊದಲು ಪ್ರತಿ ತುಂಡನ್ನೂ ತಿರುಗಿಸಿ ಅಡಿ ನೋಡಿ. ಅಕ್ಕಾ ಅಂತ ಎಷ್ಟು ಕರೆದರೂ ಬಿಡಬೇಡಿ, ತಿರುಗಿಸಿ ನೋಡಿ.

ಇವತ್ತು ಇದನ್ನು ಬರೆಯುವುದಕ್ಕೆ ಇನ್ನೊಂದು ಕಾರಣ ಇದೆ. ನಂಜರಾಯಪಟ್ಟಣ ಕಡೆಯ ನಮ್ಮ ನೆಂಟರೊಬ್ಬರಿಗೆ ಅವನ ಹೊಸ ವಿಡಿಯೋ ಬಂದಿದೆ. "ಕೊಡಗಿನ ಹೋಮ್‌ಸ್ಟೇಗೆ ನಾವು ಮಾಡಿದ ಕೆಲಸ" ಅಂತ ತೋರಿಸುತ್ತಿರುವುದು ನಮ್ಮದೇ ಬೋಟು, ಕೆಲಸ ಮುಗಿದ ಸಂಜೆ ತೆಗೆದದ್ದು. ಬಿಳಿ ಬೋಟ್, ಪಕ್ಕದಲ್ಲಿ ಹಸಿರು ಪಟ್ಟಿ, ಹಿಂದೆ ಸಿಲ್ವರ್ ಓಕ್ ಮರಗಳು. ಆ ವಿಡಿಯೋ ನಿಮಗೆ ಬಂದರೆ ಅಡ್ವಾನ್ಸ್ ಕಳಿಸಬೇಡಿ, ಕಳಿಸಿದ್ದರೆ ಕೆಲಸಕ್ಕೆ ಬಿಡಬೇಡಿ. ನನಗೆ ಮೆಸೇಜ್ ಮಾಡಿ, ಅದೇ ಬೋಟಿನ ಅಡಿ ಹೇಗಿತ್ತು ಅನ್ನುವ ಫೋಟೋ ಕಳಿಸುತ್ತೇನೆ.