ಆಯ್ಕೆಯ ಅಂಜಿಕೆಗೆ ಮದ್ದುಂಟು, ಅಂದಾಜಿನ ಭ್ರಮೆಗೆ ಇಲ್ಲ: ‘ದಿಟ್ಟ ನಿರ್ಧಾರ’ದ ಕೋರ್ಸೊಂದರ ವಿಮರ್ಶೆ

ನೌಕರಿ ಬಿಡಬೇಕೋ ಬೇಡವೋ ಎಂದು ಮೂರು ವರ್ಷ ಮೀನಮೇಷ ಎಣಿಸಿದ ಮೇಲೆ ನಾನು ಈ ಕೋರ್ಸಿಗೆ ಸೇರಿದೆ. 11 ವರ್ಷಗಳಿಂದ ಒಂದು ಕಂಪನಿಯಲ್ಲಿ ಯಂತ್ರಗಳ ಬಳಕೆಯ ಕೈಪಿಡಿಗಳನ್ನು ಬರೆಯುವುದು ನನ್ನ ಕೆಲಸ. ಅದನ್ನು ಬಿಟ್ಟು ಸ್ವತಂತ್ರವಾಗಿ ಅನುವಾದ ಮಾಡಿಕೊಂಡು ಬದುಕಬೇಕೆಂಬುದು ಹಳೆಯ ಆಸೆ. ಜನ ನಿಜವಾಗಿ ಹೇಗೆ ಆಯ್ಕೆ ಮಾಡುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ಅಭ್ಯಾಸ ಮಾಡುವ ವರ್ತನಾ ಅರ್ಥಶಾಸ್ತ್ರದ ನೆರವಿನಿಂದ ಬದುಕಿನ ದೊಡ್ಡ ನಿರ್ಧಾರಗಳನ್ನು ಧೈರ್ಯವಾಗಿ ತೆಗೆದುಕೊಳ್ಳುವುದನ್ನು ಕಲಿಸುತ್ತೇವೆ ಎನ್ನುವ ಈ ಆನ್‌ಲೈನ್ ಕೋರ್ಸು 8 ವಾರಗಳದ್ದು. ವಾರಕ್ಕೆ ಸುಮಾರು ಒಂದು ಗಂಟೆಯ ವಿಡಿಯೊ ಪಾಠ, ಒಂದು ಅಭ್ಯಾಸದ ಹಾಳೆ, ಎರಡು ವಾರಕ್ಕೊಮ್ಮೆ ಗುಂಪು ಚರ್ಚೆ, ಕೊನೆಯಲ್ಲಿ ಮಾರ್ಗದರ್ಶಕರೊಂದಿಗೆ 40 ನಿಮಿಷಗಳ ಖಾಸಗಿ ಮಾತುಕತೆ ಇರುತ್ತದೆ. ಕೋರ್ಸಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ; ಇದರ ಗುಣದೋಷಗಳು ಈ ಬಗೆಯ ಹಲವು ಕೋರ್ಸುಗಳಲ್ಲಿ ಇರುವಂಥವೇ ಆದ್ದರಿಂದ, ಸೇರಲು ಹೊರಟವರಿಗೆ ಹೆಸರಿಗಿಂತ ವಿವರವೇ ಹೆಚ್ಚು ಉಪಯೋಗಕ್ಕೆ ಬಂದೀತು. ಅಂಕ ಕೊಡಲೇಬೇಕೆಂದರೆ ಐದರಲ್ಲಿ ಮೂರು ಕೊಡುತ್ತೇನೆ, ಆ ಮೂರರಲ್ಲಿ ಎರಡು ಎರಡನೆಯ ವಾರದ ಒಂದೇ ಒಂದು ಹಾಳೆಗೆ ಸಲ್ಲಬೇಕಾದವು.

ಆ ಹಾಳೆಯ ಹಿಂದಿರುವುದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವೆರ್ಸ್ಕಿ 1979ರಲ್ಲಿ ಮಂಡಿಸಿದ ಪ್ರಾಸ್ಪೆಕ್ಟ್ ಥಿಯರಿ. ಮನುಷ್ಯರು ಲಾಭನಷ್ಟಗಳನ್ನು ತಮ್ಮ ಒಟ್ಟು ಆಸ್ತಿಯ ಲೆಕ್ಕದಲ್ಲಿ ತೂಗುವುದಿಲ್ಲ, ತಾವು ಈಗ ನಿಂತಿರುವ ಜಾಗದಿಂದ ಅಳೆಯುತ್ತಾರೆ. ಅಷ್ಟೇ ಮೊತ್ತದ ಲಾಭ ತರುವ ಸಂತೋಷಕ್ಕಿಂತ ನಷ್ಟ ತರುವ ನೋವು ಅವರಿಗೆ ದೊಡ್ಡದು. ಎಷ್ಟು ದೊಡ್ಡದು ಎಂಬುದಕ್ಕೆ ಅದೇ ಇಬ್ಬರು 1992ರಲ್ಲಿ ಕೊಟ್ಟ ಅಂದಾಜು ಸುಮಾರು 2.25 ಪಟ್ಟು. ಇದರ ಜೊತೆಗೆ ಅರ್ಥಶಾಸ್ತ್ರಜ್ಞರಾದ ವಿಲಿಯಂ ಸ್ಯಾಮ್ಯುಯೆಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ 1988ರಲ್ಲಿ ತೋರಿಸಿದ ಯಥಾಸ್ಥಿತಿಯ ಮೋಹವನ್ನು ಇಟ್ಟರೆ ನನ್ನ ಮೂರು ವರ್ಷಗಳ ಮೀನಮೇಷಕ್ಕೆ ಅರ್ಧ ವಿವರಣೆ ಸಿಕ್ಕಂತೆಯೇ. ಇದ್ದದ್ದು ಇದ್ದ ಹಾಗೆ ಇರಲಿ ಎನ್ನುವುದು ನಮಗೆ ನಿರ್ಧಾರದಂತೆ ತೋರುವುದೇ ಇಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡು ಒಂದೊಂದೇ ವರ್ಷ ದಾಟುತ್ತೇವೆ.

ಹಾಳೆಯಲ್ಲಿ ಎರಡು ಕಾಲಮ್ಮುಗಳಿದ್ದವು. ನೌಕರಿ ಬಿಟ್ಟರೆ ಏನೇನು ಕಳೆದುಕೊಳ್ಳುತ್ತೀರಿ ಎಂಬ ಮೊದಲನೆಯದನ್ನು ನಾನು ಹತ್ತೇ ನಿಮಿಷದಲ್ಲಿ ತುಂಬಿಸಿದೆ: ತಿಂಗಳ ಸಂಬಳ, ಆರೋಗ್ಯ ವಿಮೆ, ಹೆಸರಿನ ಕೆಳಗಿನ ಹುದ್ದೆ, ಕಿಟಕಿಯ ಪಕ್ಕದ ಮೇಜು, ಹೀಗೆ 14 ಸಾಲುಗಳು. ಬಿಡದಿದ್ದರೆ ಏನೇನು ಕಳೆದುಕೊಳ್ಳುತ್ತೀರಿ ಎಂಬ ಎರಡನೆಯದರಲ್ಲಿ ಅರ್ಧ ಗಂಟೆ ಕುಳಿತರೂ 4 ಸಾಲುಗಳನ್ನು ದಾಟಲಾಗಲಿಲ್ಲ. ಕೆಳಗೆ ಚೌಕದೊಳಗೆ ಒಂದು ಪ್ರಶ್ನೆ ಇತ್ತು. ನೀವು ಈಗಾಗಲೇ ಸ್ವತಂತ್ರ ಅನುವಾದಕರಾಗಿದ್ದೀರಿ ಎಂದುಕೊಳ್ಳಿ. ನಿಮ್ಮ ಈಗಿನ ಕಂಪನಿ ಇದೇ ಸಂಬಳ, ಇದೇ ಕೆಲಸ, ಇದೇ ಮೇಲಧಿಕಾರಿ ಎಂದು ಹೇಳಿ ನಿಮ್ಮನ್ನು ಕರೆದರೆ ಹೋಗುತ್ತೀರಾ? ಪ್ರಶ್ನೆ ಓದಿ ಪೆನ್ನು ಕೆಳಗಿಟ್ಟೆ. ಸಂಬಳಕ್ಕಾಗಿ ಒಂದು ವರ್ಷದ ಮಟ್ಟಿಗೆ ಹೋಗುತ್ತಿದ್ದೆನೇನೋ. 11 ವರ್ಷಕ್ಕಂತೂ ಖಂಡಿತ ಹೋಗುತ್ತಿರಲಿಲ್ಲ. ಉಳಿಯುವುದೂ ಪ್ರತಿ ತಿಂಗಳು ನಾನೇ ಮಾಡುತ್ತಿರುವ ಆಯ್ಕೆ ಎಂಬುದು, ಯಾರಾದರೂ ಬಾಯಿಮಾತಿನಲ್ಲಿ ಹೇಳಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ ವಿಷಯ, ಆ ಚೌಕದೊಳಗಿನ ಪ್ರಶ್ನೆಯಿಂದ ಮನದಟ್ಟಾಯಿತು.

ಮೂರನೆಯ ವಾರದ ಪಾಠ ಇನ್ನೊಬ್ಬ ಸ್ಯಾಮ್ಯುಯೆಲ್ಸನ್, ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್, 1963ರಲ್ಲಿ ಬರೆದ ಪ್ರಸಂಗದಿಂದ ಶುರುವಾಗುತ್ತದೆ. ನಾಣ್ಯ ಚಿಮ್ಮಿ ಗೆದ್ದರೆ 200 ಡಾಲರ್ ಪಡೆ, ಸೋತರೆ 100 ಡಾಲರ್ ಕೊಡು ಎಂದು ಅವರು ಸಹೋದ್ಯೋಗಿಯೊಬ್ಬರ ಮುಂದೆ ಪಂದ್ಯವಿಟ್ಟಾಗ ಆತ ಒಪ್ಪಲಿಲ್ಲ. ಆದರೆ ಅಂಥ ನೂರು ಪಂದ್ಯಗಳನ್ನು ಆಡಲು ಬಿಡುವುದಾದರೆ ತಯಾರು ಎಂದ. ನೂರು ಪಂದ್ಯಗಳಲ್ಲಿ ಒಟ್ಟಿನ ಮೇಲೆ ಲಾಭವೇ ಉಳಿಯುವ ಸಂಭವ ಬಹಳ ಹೆಚ್ಚು; ಹಾಗೆಯೇ ಬದುಕಿನ ಅವಕಾಶಗಳನ್ನು ಒಂದೊಂದಾಗಿ ನೋಡದೆ ನೂರರ ಕಂತೆಯಂತೆ ನೋಡಿದರೆ ಧೈರ್ಯ ಬರುತ್ತದೆ ಎಂಬುದು ಪಾಠದ ತಾತ್ಪರ್ಯ. ಸ್ಯಾಮ್ಯುಯೆಲ್ಸನ್ ಈ ಕಥೆ ಹೇಳಿದ್ದು ಆ ಸಹೋದ್ಯೋಗಿಯ ನಿಲುವಿನಲ್ಲಿರುವ ತರ್ಕದೋಷವನ್ನು ತೋರಿಸಲು ಎಂಬುದನ್ನು ಪಾಠ ಹೇಳುವುದೇ ಇಲ್ಲ. ಅದಿರಲಿ, ನನ್ನ ತಕರಾರು ಬೇರೆ. ನೌಕರಿ ಬಿಡುವ ಸಂದರ್ಭ ಒಂದು ಜೀವಮಾನದಲ್ಲಿ ನೂರು ಸಲ ಬರುವುದಿಲ್ಲ, ಎರಡೋ ಮೂರೋ ಸಲ ಬಂದೀತು. ಮೊದಲ ಸೋಲಿನಲ್ಲೇ ಕೈಯಲ್ಲಿದ್ದದ್ದೆಲ್ಲ ಕರಗಿಹೋದರೆ ಉಳಿದ ಪಂದ್ಯಗಳನ್ನು ಆಡಲು ಯಾರೂ ಉಳಿದಿರುವುದಿಲ್ಲ. ಗುಂಪು ಚರ್ಚೆಯಲ್ಲಿ ಇದನ್ನು ಕೇಳಿದಾಗ ಬೋಧಕರು ನಕ್ಕು ಮುಂದಕ್ಕೆ ಹೋದರು. ಆದರೆ ಆ ವಾರದ ಅಭ್ಯಾಸ ಪಾಠಕ್ಕಿಂತ ಜಾಣತನದ್ದಾಗಿತ್ತು: ಕಳೆದ ಹತ್ತು ವರ್ಷಗಳಲ್ಲಿ ನೀವು ಭಯದಿಂದ ಕೈಬಿಟ್ಟ ಸಣ್ಣ ಅವಕಾಶಗಳನ್ನೆಲ್ಲ ಪಟ್ಟಿ ಮಾಡಿ ಎಂದು ಅದು ಕೇಳುತ್ತದೆ. ನನ್ನ ಪಟ್ಟಿಯಲ್ಲಿ ಒಂಬತ್ತು ಬಂದವು. ಸಮ್ಮೇಳನವೊಂದರಲ್ಲಿ ಮಾತನಾಡಲು ಬಂದ ಕರೆ, ಕೇಳದೇ ಉಳಿದ ಸಂಬಳದ ಏರಿಕೆ, ಮಾದರಿ ಅನುವಾದ ಕಳಿಸಿ ಎಂದು ಬಂದಿದ್ದ ಎರಡು ಇಮೇಲ್‌ಗಳು. ಒಂಬತ್ತರಲ್ಲಿ ಒಂದೂ ನನ್ನನ್ನು ಬೀದಿಗೆ ತರುವಂಥದ್ದಾಗಿರಲಿಲ್ಲ. ಕಂತೆಯ ಲೆಕ್ಕ ನಿಜವಾಗಿ ಸಲ್ಲುವುದು ಇಂಥವುಗಳಿಗೆ, ಅದನ್ನು ಕೋರ್ಸು ಬಾಯಿಬಿಟ್ಟು ಹೇಳಬೇಕಿತ್ತು.

ಮರಳಿ ಬಾರದ ವೆಚ್ಚದ ಮೇಲಿನ, ಅಂದರೆ ಈಗಾಗಲೇ ಸುರಿದದ್ದು ವ್ಯರ್ಥವಾದೀತೆಂದು ಹಿಡಿದದ್ದನ್ನು ಬಿಡದಿರುವುದರ ಮೇಲಿನ, ನಾಲ್ಕನೆಯ ವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನೇ ನಿಧಾನವಾಗಿ ಹೇಳಿದ್ದಾರೆ. ಮಾಡಿದ್ದರ ಪಶ್ಚಾತ್ತಾಪ ಬೇಗ ಚುಚ್ಚುತ್ತದೆ, ಮಾಡದೆ ಬಿಟ್ಟದ್ದರ ಪಶ್ಚಾತ್ತಾಪ ತಡವಾಗಿ ಬಂದು ಬಹುಕಾಲ ಉಳಿಯುತ್ತದೆ ಎಂಬ, ಮನೋವಿಜ್ಞಾನಿಗಳಾದ ಗಿಲೊವಿಚ್ ಮತ್ತು ಮೆಡ್ವೆಕ್ ಅವರ 1994ರ ಅಧ್ಯಯನಕ್ಕೆ ಕೊಟ್ಟ ಹದಿನೈದು ನಿಮಿಷ ಮಾತ್ರ ಆ ವಾರವನ್ನು ಉಳಿಸಿತು.

ಐದನೆಯ ವಾರ ಈ ಕೋರ್ಸಿನ ಜಾಹೀರಾತಿನಲ್ಲಿ ಎದ್ದು ಕಾಣುವ ವಾರ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ನಿರ್ಧಾರಕ್ಕೆ ಬರಲಾಗದೆ ತೊಳಲಾಡುತ್ತಿದ್ದವರಿಂದ ಒಂದು ಜಾಲತಾಣದಲ್ಲಿ ನಾಣ್ಯ ಚಿಮ್ಮಿಸಿದರು. 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ನೌಕರಿ ಬಿಡುವುದು, ಸಂಬಂಧ ಕಡಿದುಕೊಳ್ಳುವುದು ಮುಂತಾದ ಮುಖ್ಯ ವಿಷಯಗಳಲ್ಲಿ ನಾಣ್ಯ ‘ಬದಲಾಯಿಸು’ ಎಂದವರು ಬದಲಾಯಿಸುವ ಸಾಧ್ಯತೆ ಹೆಚ್ಚಾಗಿತ್ತು, ಮತ್ತು ಆರು ತಿಂಗಳ ನಂತರ ಅವರು ‘ಇದ್ದಂತೆ ಇರು’ ಎನ್ನಿಸಿಕೊಂಡವರಿಗಿಂತ ಹೆಚ್ಚು ಸಂತೋಷವಾಗಿರುವುದಾಗಿ ಹೇಳಿದರು. 2021ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಕೋರ್ಸು ಎತ್ತಿಕೊಂಡ ಸಾಲು ‘ಬದಲಾವಣೆಯೇ ಸಂತೋಷ ಎಂದು ವಿಜ್ಞಾನ ಹೇಳುತ್ತದೆ’ ಎಂಬುದು. ವಿಜ್ಞಾನ ಹಾಗೆ ಹೇಳಿಲ್ಲ. ನಾಣ್ಯ ಚಿಮ್ಮಲು ಬಂದವರು ತಾವಾಗಿಯೇ ಬಂದವರು, ಮನಸ್ಸು ಎರಡೂ ಕಡೆಗೆ ಸಮನಾಗಿ ತೂಗುತ್ತಿದ್ದವರು. ತಕ್ಕಡಿ ಒಂದು ಕಡೆಗೆ ಸ್ಪಷ್ಟವಾಗಿ ವಾಲಿದವರಿಗೆ ಈ ಫಲಿತಾಂಶ ಏನನ್ನೂ ಹೇಳುವುದಿಲ್ಲ. ಸಾಲದ್ದಕ್ಕೆ, ನಾಣ್ಯ ಗಾಳಿಯಲ್ಲಿರುವಾಗಲೇ ನಿಮ್ಮ ಮನದ ಇಂಗಿತ ತಿಳಿಯುತ್ತದೆ ಎಂಬ ಹಳಸಲು ಮಾತನ್ನೂ ಬೋಧಕರು ಇದರ ಜೊತೆ ಸೇರಿಸಿದರು. ಆ ಪ್ರಯೋಗದಲ್ಲಿ ನಾಣ್ಯಕ್ಕೆ ಬೆಲೆ ಬಂದಿರುವುದು ಅದು ಯಾರ ಇಂಗಿತವನ್ನೂ ಕೇಳುವುದಿಲ್ಲ ಎಂಬ ಕಾರಣಕ್ಕೇ: ಹೇಗಿದ್ದರೂ ಗೆಲ್ಲುವಂಥವರು ಮಾತ್ರ ಬದಲಾವಣೆಯ ಗುಂಪಿಗೆ ಸೇರಿಕೊಳ್ಳದಂತೆ ಅದು ತಡೆಯುತ್ತದೆ.

ಇಲ್ಲಿಂದ ಮುಂದೆ ನನ್ನ ಮುಖ್ಯ ಆಕ್ಷೇಪ. ಕಾನೆಮನ್ ಮತ್ತು ಡಾನ್ ಲೊವಾಲೊ 1993ರಲ್ಲಿ ಒಂದು ಪ್ರಬಂಧದಲ್ಲಿ ಎರಡು ದೋಷಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರು. ಪ್ರತಿಯೊಂದು ಆಯ್ಕೆಯನ್ನೂ ಬಿಡಿಯಾಗಿ ನೋಡಿ ನಷ್ಟಕ್ಕೆ ಹೆದರುವುದರಿಂದ ನಾವು ಆಯ್ಕೆಯಲ್ಲಿ ಅಂಜುಬುರುಕರು. ನಮ್ಮ ಯೋಜನೆಯನ್ನು ಅದರಂಥ ಬೇರೆ ಯೋಜನೆಗಳ ಗತಿಯೊಂದಿಗೆ ಹೋಲಿಸದೆ ಒಳಗಿನಿಂದಲೇ ನೋಡುವುದರಿಂದ ಅಂದಾಜಿನಲ್ಲಿ ಅತಿ ಧೈರ್ಯಶಾಲಿಗಳು. ಈ ಎರಡು ತಪ್ಪುಗಳು ಎಷ್ಟೋ ಸಲ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಹಾಗಿರುವಾಗ ಅಂಜಿಕೆಯನ್ನಷ್ಟೇ ಕಿತ್ತು, ಅಂದಾಜಿನ ಭ್ರಮೆಯನ್ನು ಹಾಗೇ ಬಿಡುವುದು ಬ್ರೇಕು ತೆಗೆದು ಗಾಡಿಯನ್ನು ಇಳಿಜಾರಿಗೆ ಬಿಟ್ಟ ಹಾಗೆ. ಎಂಟು ವಾರಗಳಲ್ಲಿ ಏಳು ವಾರ ಮೊದಲನೆಯ ದೋಷಕ್ಕೇ ಮೀಸಲು.

ಅದೇ ಪ್ರಬಂಧದಲ್ಲಿ ಕಾನೆಮನ್ ತಮ್ಮದೇ ಅನುಭವವನ್ನು ಹೇಳುತ್ತಾರೆ. ಇಸ್ರೇಲಿನಲ್ಲಿ ಹೊಸ ಪಠ್ಯಕ್ರಮವೊಂದನ್ನು ರೂಪಿಸುತ್ತಿದ್ದ ತಂಡದಲ್ಲಿ ಅವರಿದ್ದಾಗ, ಕೆಲಸ ಮುಗಿಯಲು ಎಷ್ಟು ಕಾಲ ಬೇಕೆಂದು ಎಲ್ಲರೂ ಬರೆದುಕೊಟ್ಟ ಅಂದಾಜು 18ರಿಂದ 30 ತಿಂಗಳ ನಡುವೆ ಇತ್ತು. ಇಂಥ ಬೇರೆ ತಂಡಗಳ ಕಥೆ ಏನಾಯಿತು ಎಂದು ಅಲ್ಲೇ ಇದ್ದ ಪರಿಣತರನ್ನು ಕೇಳಿದಾಗ, ಸುಮಾರು ಶೇ 40ರಷ್ಟು ತಂಡಗಳು ಮುಗಿಸಲೇ ಇಲ್ಲ, ಮುಗಿಸಿದವೂ 7ರಿಂದ 10 ವರ್ಷ ತೆಗೆದುಕೊಂಡವು ಎಂದು ಅವರು ಹೇಳಿದರು. ಆ ಪರಿಣತರೂ ತಮ್ಮ ಚೀಟಿಯಲ್ಲಿ ಉಳಿದವರಂತೆಯೇ ಬರೆದಿದ್ದರು ಎಂಬುದು ಇದರಲ್ಲಿನ ನಿಜವಾದ ಸ್ವಾರಸ್ಯ. ತಂಡ ಕೆಲಸ ಮುಂದುವರಿಸಿತು. ಮುಗಿದದ್ದು 8 ವರ್ಷಗಳ ನಂತರ.

ನಾನು ಹಾಳೆಯಲ್ಲಿ ಬರೆದಿದ್ದ ಅಂದಾಜು, ಆರು ತಿಂಗಳಲ್ಲಿ ಅನುವಾದದ ಗಳಿಕೆ ಈಗಿನ ಸಂಬಳದ ಮಟ್ಟಕ್ಕೆ ಬರುತ್ತದೆ ಎಂಬುದು. ಅದನ್ನು ಕೋರ್ಸಿನಲ್ಲಿ ಯಾರೂ ಪ್ರಶ್ನಿಸಲಿಲ್ಲ, ‘ಸ್ಪಷ್ಟ ಗುರಿ’ ಎಂದು ಹೊಗಳಿದರು. ಕಾನೆಮನ್ ಕೇಳಿದ ಪ್ರಶ್ನೆಯನ್ನೇ ನಾನು ಇದೇ ದಾರಿ ಹಿಡಿದ ನಾಲ್ವರು ಪರಿಚಿತರಿಗೆ ಕೇಳಿದೆ. ಒಬ್ಬರು ಎರಡು ವರ್ಷ ಎಂದರು, ಇನ್ನೊಬ್ಬರು ಮೂರು ವರ್ಷಕ್ಕೆ ಹತ್ತಿರ ಎಂದರು, ಮೂರನೆಯವರು ಇನ್ನೂ ಆ ಮಟ್ಟಕ್ಕೆ ಬಂದಿಲ್ಲ ಎಂದರು, ನಾಲ್ಕನೆಯವರು ಮತ್ತೆ ನೌಕರಿಗೆ ಸೇರಿದ್ದಾರೆ. ನಾಲ್ಕು ಜನರಿಂದ ಅಂಕಿಅಂಶ ಆಗುವುದಿಲ್ಲ ನಿಜ, ಆದರೆ ನನ್ನ ಆರು ತಿಂಗಳಿಗಿಂತ ಅದು ಸಾವಿರ ಪಾಲು ಮೇಲು. ಈ ನಾಲ್ಕು ಫೋನ್ ಕರೆಗಳಿಗೆ ಹಿಡಿದದ್ದು ಒಂದು ಸಂಜೆ.

ಮನೋವಿಜ್ಞಾನಿ ಗ್ಯಾರಿ ಕ್ಲೈನ್ 2007ರಲ್ಲಿ ಪ್ರಚಾರಕ್ಕೆ ತಂದ ‘ಪ್ರಿಮಾರ್ಟಮ್’ ಇದಕ್ಕೆ ಒಳ್ಳೆಯ ಮದ್ದು: ಒಂದು ವರ್ಷ ಕಳೆದಿದೆ, ನಿರ್ಧಾರ ಪೂರ್ತಿ ನೆಲಕಚ್ಚಿದೆ ಎಂದು ಮೊದಲೇ ಒಪ್ಪಿಕೊಂಡು, ಯಾಕೆ ಹೀಗಾಯಿತು ಎಂದು ಬರೆಯುವುದು. ಕೋರ್ಸಿನಲ್ಲಿ ಅದು ‘ಹೆಚ್ಚಿನ ಓದಿಗೆ’ ಎಂಬ ವಿಭಾಗದಲ್ಲಿ ಅರ್ಧ ಪುಟವಾಗಿ ಮೂಲೆ ಸೇರಿದೆ. ನಾನೇ ಕುಳಿತು ಮಾಡಿದಾಗ ಬಂದ ಮೂರು ಕಾರಣಗಳಲ್ಲಿ ಗಿರಾಕಿಗಳು ಹಣ ತಡಮಾಡುವುದು, ಕಾಯಿಲೆ ಬಿದ್ದರೆ ಗಳಿಕೆ ನಿಲ್ಲುವುದು ಎಂಬೆರಡು ನಿರೀಕ್ಷಿತವೇ. ಮೂರನೆಯದು, ನನಗೆ ಬಾಯಿಬಿಟ್ಟು ದುಡ್ಡು ಕೇಳಲು ಬರುವುದಿಲ್ಲ ಎಂಬುದು.

ಆರನೆಯ ವಾರದಲ್ಲಿ ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೇ ಇವೆ. ವರ್ತನಾ ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ವರದಿ ಮಾಡಿದ ಉಳಿತಾಯ ಯೋಜನೆಯಲ್ಲಿ ನೌಕರರು ಮುಂದೆ ಬರಲಿರುವ ಸಂಬಳದ ಏರಿಕೆಯಿಂದ ಉಳಿತಾಯ ಹೆಚ್ಚಿಸಲು ಇವತ್ತೇ ಒಪ್ಪಿಕೊಳ್ಳುತ್ತಿದ್ದರು. 40 ತಿಂಗಳಲ್ಲಿ ಅವರ ಉಳಿತಾಯ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಏರಿತು. ಕೈಗೆ ಬಂದ ಹಣ ಕಡಿಮೆಯಾದರೆ ತಾನೇ ನಷ್ಟ ಎನಿಸುವುದು, ಇನ್ನೂ ಬಾರದ ಹಣದಲ್ಲಿ ಅದು ಚುಚ್ಚುವುದಿಲ್ಲ. ನೌಕರಿ ಬಿಡುವವರಿಗೆ ಬೇಕಾದ ನಿಧಿಯನ್ನು ಇದೇ ಬಗೆಯಲ್ಲಿ ಕೂಡಿಸುವುದನ್ನು ಕೋರ್ಸು ಚೆನ್ನಾಗಿ ಹೇಳಿಕೊಟ್ಟಿದೆ, ನಾನು ಶುರು ಮಾಡಿಯೂ ಆಗಿದೆ. ಅದೇ ವಾರದಲ್ಲಿ, ನಮೂನೆಯ ಕೆಳಗೆ ಸಹಿ ಮಾಡುವ ಬದಲು ಮೇಲೆಯೇ ಸಹಿ ಮಾಡಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆ ಎಂಬ 2012ರ ಅಧ್ಯಯನವನ್ನು ಆಧಾರವಾಗಿಟ್ಟು ‘ನಿಮ್ಮ ಸಂಕಲ್ಪಪತ್ರದ ಮೇಲ್ಭಾಗದಲ್ಲಿ ಸಹಿ ಹಾಕಿ’ ಎಂದಿದ್ದಾರೆ. ಆ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆಯೇ 2021ರಲ್ಲಿ ಹಿಂತೆಗೆದುಕೊಂಡಿದೆ. ಇದನ್ನು ನಾನು ಕೋರ್ಸಿನವರಿಗೆ ತಿಳಿಸಿದೆ, ‘ಗಮನಕ್ಕೆ ತಂದದ್ದಕ್ಕೆ ಧನ್ಯವಾದ’ ಎಂಬ ಉತ್ತರ ಬಂತು, ವಿಡಿಯೊ ಹಾಗೆಯೇ ಇದೆ. ಈ ಶಾಸ್ತ್ರದಲ್ಲಿ ಬಿದ್ದುಹೋದವೂ ಇವೆ, ಗಟ್ಟಿಯಾಗಿ ನಿಂತವೂ ಇವೆ. 1979ರ ಸಿದ್ಧಾಂತದ ಮುಖ್ಯ ಫಲಿತಾಂಶಗಳನ್ನು 2020ರಲ್ಲಿ 19 ದೇಶಗಳಲ್ಲಿ ಮರುಪರೀಕ್ಷೆ ಮಾಡಿದಾಗ ಬಹುಪಾಲು ಹಾಗೆಯೇ ಬಂದವು. ಯಾವುದು ಯಾವ ಸಾಲಿಗೆ ಸೇರುತ್ತದೆ ಎಂದು ಹೇಳುವುದು ಶುಲ್ಕ ಪಡೆದವರ ಕೆಲಸ.

ಶುಲ್ಕದ ಮಾತು ಬಂದದ್ದರಿಂದ ಅದನ್ನೂ ಹೇಳುತ್ತೇನೆ. ನೋಂದಣಿಯ ಪುಟದಲ್ಲಿ ದೊಡ್ಡ ಮೊತ್ತವೊಂದನ್ನು ಗೀಟು ಹಾಕಿ ಹೊಡೆದು ಪಕ್ಕದಲ್ಲಿ ಚಿಕ್ಕದನ್ನು ಬರೆದಿದ್ದಾರೆ, ಮೇಲೆ ಗಡಿಯಾರವೊಂದು ಹಿಂದಕ್ಕೆ ಎಣಿಸುತ್ತಿರುತ್ತದೆ. ಪುಟ ಮುಚ್ಚಿ ಮತ್ತೆ ತೆರೆದರೆ ಗಡಿಯಾರವೂ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕೋರ್ಸು ಮುಗಿದ ಮೇಲೆ ತಿಂಗಳ ಸದಸ್ಯತ್ವ ಮುಂದುವರಿಯಲಿ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿಟ್ಟಿರುತ್ತಾರೆ. ಸೇರಲು ಒಂದು ಕ್ಲಿಕ್ ಸಾಕು, ಹೊರಬರಲು ಇಮೇಲ್ ಬರೆದು ಕಾರಣ ತಿಳಿಸಬೇಕು. ಒಳ್ಳೆಯ ಆಯ್ಕೆಯ ದಾರಿಯಲ್ಲಿ ಬೇಕೆಂದೇ ಸುರಿಯುವ ಇಂಥ ಕೆಸರಿಗೆ ಥೇಲರ್ 2018ರಲ್ಲಿ ‘ಸ್ಲಡ್ಜ್’ ಎಂಬ ಹೆಸರಿಟ್ಟು ಬರೆದಿದ್ದರು, ಮತ್ತು ಆ ಪದವನ್ನು ನಾನು ಕಲಿತದ್ದು ಇದೇ ಕೋರ್ಸಿನ ಏಳನೆಯ ವಾರದಲ್ಲಿ.

ಮಾರ್ಗದರ್ಶಕರೊಂದಿಗಿನ 40 ನಿಮಿಷ ಮಾತ್ರ ನಿರೀಕ್ಷೆಗಿಂತ ಚೆನ್ನಾಗಿತ್ತು. ಅವರು ಕೋರ್ಸಿನ ಭಾಷೆಯಲ್ಲಿ ಮಾತನಾಡಲಿಲ್ಲ, ನನ್ನ ನಾಲ್ಕು ಫೋನ್ ಕರೆಗಳ ವಿವರ ಕೇಳಿ, ಹಾಗಾದರೆ ಆರು ತಿಂಗಳನ್ನು ಎರಡೂವರೆ ವರ್ಷ ಮಾಡಿಕೊಂಡು ಲೆಕ್ಕ ಹಾಕಿ ಎಂದರು. ಹಾಕಿದೆ. ಪೂರ್ತಿ ಬಿಡುವುದು ಈಗ ಆಗದು. ವಾರಕ್ಕೆ ಮೂರು ದಿನ ಕೆಲಸ, ಅದಕ್ಕೆ ತಕ್ಕ ಸಂಬಳ ಎಂದಾದರೆ ಇನ್ನೊಂದು ವರ್ಷದಲ್ಲಿ ಆದೀತು. ಮೂವರು ಖಾಯಂ ಗಿರಾಕಿಗಳು ಸಿಗದಿದ್ದರೆ ಯಾವ ದಿನಾಂಕಕ್ಕೆ ಈ ಪ್ರಯತ್ನ ನಿಲ್ಲಿಸಬೇಕು ಎಂಬುದನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಸಹಿಯನ್ನು ಕೆಳಗೇ ಹಾಕಿದ್ದೇನೆ. ಮೂರು ದಿನಗಳ ಕೆಲಸ ಕೇಳಿ ಮೇಲಧಿಕಾರಿಗೆ ಪತ್ರ ಕೊಟ್ಟು ಹನ್ನೆರಡು ದಿನಗಳಾದವು, ಉತ್ತರ ಬಂದಿಲ್ಲ; ಅದೇ ದಿನ ಕಳಿಸಿದ, ಕೋರ್ಸಿನ ಸದಸ್ಯತ್ವ ರದ್ದು ಮಾಡಿ ಎಂಬ ಇಮೇಲ್‌ಗೂ ಬಂದಿಲ್ಲ.