ಡಿಫೆಂಡರ್‌ನಲ್ಲಿ ಆಫ್ ಆಗಿದ್ದ ಸ್ವಿಚ್ಚು: ಎಂಟು ತಿಂಗಳು ಬಳಸಿದ ಮೇಲೆ

ನಾನು ಡಿಟಿಪಿ ಕೆಲಸದವನು. ಪುಸ್ತಕಗಳ ಪುಟ ಕಟ್ಟುವುದು, ಕರಡು ತಿದ್ದುವುದು, ಲೇಖಕರು ಕೊನೇ ಗಳಿಗೆಯಲ್ಲಿ ಹೇಳುವ 'ಇನ್ನೊಂದೇ ಒಂದು ಸಣ್ಣ ಬದಲಾವಣೆ'ಯನ್ನು ಮೂವತ್ತು ಪುಟ ಕದಲದಂತೆ ಒಳಗೆ ತುರುಕುವುದು, ಇಷ್ಟೇ. ಕಂಪ್ಯೂಟರಿನ ಒಳಗುಟ್ಟು ನನಗೆ ಗೊತ್ತಿಲ್ಲ. ಆದರೂ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಅನ್ನುವ ಆಂಟಿವೈರಸ್ ಬಗ್ಗೆ ಬರೆಯಲು ಕೂತಿರುವುದಕ್ಕೆ ಕಾರಣ ಒಂದು ಫೋನ್ ಕರೆ.

ನನ್ನಂಥದೇ ಕೆಲಸ ಮಾಡುವ ಗೆಳೆಯರೊಬ್ಬರು ಬೆಳ್ಳಂಬೆಳಗ್ಗೆ ಕರೆ ಮಾಡಿ, "ರೀ, ಒಂದು ಫೈಲೂ ತೆರೀತಾ ಇಲ್ಲ. ಎಲ್ಲದರ ಹೆಸರಿಗೂ ಏನೋ ಬಾಲ ಅಂಟಿಕೊಂಡಿದೆ" ಅಂದರು. ಪ್ರತಿ ಫೋಲ್ಡರಿನಲ್ಲೂ ಒಂದೊಂದು ಟೆಕ್ಸ್ಟ್ ಫೈಲು, ಅದರಲ್ಲಿ ದುಡ್ಡು ಕೊಟ್ಟರೆ ಬೀಗ ತೆಗೆಯುತ್ತೇವೆ ಅನ್ನುವ ಒಕ್ಕಣೆ. ಹನ್ನೊಂದು ಪುಸ್ತಕಗಳ ಕೆಲಸ. ಬ್ಯಾಕಪ್ ಇರಲಿಲ್ಲವೇ ಅಂದರೆ ಇತ್ತು, ಹಗಲೂ ರಾತ್ರಿ ಅದೇ ಕಂಪ್ಯೂಟರಿಗೆ ಚುಚ್ಚಿಟ್ಟ ಹಾರ್ಡ್ ಡಿಸ್ಕಿನಲ್ಲಿ. ಅದಕ್ಕೂ ಬೀಗ ಬಿದ್ದಿತ್ತು. ಹೀಗೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸಿಗೇ ರ‍್ಯಾನ್ಸಮ್‌ವೇರ್ ಅನ್ನುತ್ತಾರೆ.

ಫೋನ್ ಇಟ್ಟವನೇ ನನ್ನ ಯಂತ್ರದಲ್ಲಿ ವಿಂಡೋಸ್ ಸೆಕ್ಯುರಿಟಿ ತೆರೆದೆ. ಒಳಗೆ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಆ ಪುಟದ ತಳಕ್ಕೆ ಇಳಿದರೆ ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್, ಅದರೊಳಗೆ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಒಂದು ಸ್ವಿಚ್ಚು. ಆಫ್ ಆಗಿತ್ತು. ನಾನು ಆಫ್ ಮಾಡಿದ್ದಲ್ಲ, ಅದು ಬರುವುದೇ ಹಾಗೆ. ವನ್ನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಲೋಕವನ್ನೆಲ್ಲ ಅಲ್ಲಾಡಿಸಿದ್ದು 2017ರ ಮೇ ತಿಂಗಳಲ್ಲಿ. ಅದು ನುಗ್ಗಿದ ಬಿರುಕಿಗೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಈ ಸ್ವಿಚ್ಚು ವಿಂಡೋಸ್ 10ಕ್ಕೆ ಸೇರಿತು. ಇಷ್ಟು ವರ್ಷ ಅದು ನನ್ನ ಮೂಗಿನ ಕೆಳಗೇ ಇದ್ದು ನನಗೆ ಗೊತ್ತಿರಲಿಲ್ಲ.

ಕೆಲಸದ ರೀತಿ ಸರಳ. ಮಾಮೂಲು ಆಂಟಿವೈರಸ್ ಕೆಟ್ಟವರ ಮುಖ ಗುರುತಿಟ್ಟುಕೊಂಡು ಹಿಡಿಯುತ್ತದೆ. ಇದು ಹಾಗಲ್ಲ, ತಾನು ನಂಬುವ ಪ್ರೋಗ್ರಾಮನ್ನು ಬಿಟ್ಟು ಬೇರೆ ಯಾರೂ ಕಾವಲಿರುವ ಫೋಲ್ಡರಿನಲ್ಲಿ ಬರೆಯುವಂತಿಲ್ಲ, ಅಳಿಸುವಂತಿಲ್ಲ ಅನ್ನುತ್ತದೆ. ಹೆಚ್ಚು ಜನ ಬಳಸುವ, ಒಳ್ಳೇ ಹೆಸರಿರುವ ಪ್ರೋಗ್ರಾಮುಗಳನ್ನು ತಾನಾಗಿಯೇ ಬಿಟ್ಟುಕೊಡುತ್ತದೆ. ಮಿಕ್ಕವಕ್ಕೆ ನಾವು ಒಪ್ಪಿಗೆ ಕೊಡಬೇಕು.

ಸ್ವಿಚ್ ಆನ್ ಮಾಡಿದ ಮೊದಲ ವಾರ ತಲೆ ಚಿಟ್ಟು ಹಿಡಿಯಿತು, ಮುಚ್ಚಿಡುವುದಿಲ್ಲ. ನನ್ನ ಹತ್ತಿರ ಹಳೇ ಕಾಲದ ಒಂದು ಪುಟವಿನ್ಯಾಸದ ಪ್ರೋಗ್ರಾಮ್ ಇದೆ. ಅದರಲ್ಲಿ ಎಂಟನೇ ಅಧ್ಯಾಯ ಮುಗಿಸಿ ಸೇವ್ ಒತ್ತಿದೆ. 'ಫೈಲ್ ಸಿಗುತ್ತಿಲ್ಲ' ಅಂತು. ಫೋಲ್ಡರ್ ಕಣ್ಣೆದುರಿಗೇ ಬಿಚ್ಚಿಕೊಂಡು ಕೂತಿದೆ, ಒಳಗೆ ಏಳು ಅಧ್ಯಾಯ ಕಾಣುತ್ತಿವೆ, ಇದು ಮಾತ್ರ ಅಂಥ ಜಾಗವೇ ಇಲ್ಲ ಅನ್ನುತ್ತದೆ. ಡಿಸ್ಕ್ ಕೆಟ್ಟಿತೇನೋ ಅಂತ ಎದೆ ಧಸಕ್ಕೆಂದಿತು. ವಿಷಯ ಏನಪ್ಪಾ ಅಂದರೆ, ತಡೆದದ್ದು ಡಿಫೆಂಡರ್. ಯಾಕೆ ತಡೆ ಬಿತ್ತು ಅನ್ನುವುದು ಆ ಪ್ರೋಗ್ರಾಮಿಗೇ ತಿಳಿಯದು, ತನಗೆ ತೋಚಿದ ದೂರು ಹೇಳುತ್ತದೆ. ನಿಜವಾದ ಸುದ್ದಿ ಪರದೆಯ ಬಲಮೂಲೆಯಲ್ಲಿ ಸಣ್ಣ ಚೀಟಿಯಾಗಿ ಬಂದು ಹೋಗುತ್ತದೆ. ಕೆಲಸದ ಹೊತ್ತಿನಲ್ಲಿ ಚೀಟಿಗಳ ಕಾಟ ಬೇಡ ಅಂತ ನಾನು ಅದನ್ನೂ ಬಂದ್ ಮಾಡಿಟ್ಟಿದ್ದೆ!

ಪರಿಹಾರ ಅರ್ಧ ನಿಮಿಷದ್ದು. ಸ್ವಿಚ್ಚಿರುವ ಪುಟದಲ್ಲೇ ಪ್ರೋಗ್ರಾಮಿಗೆ ಅನುಮತಿ ಕೊಡುವ ಕೊಂಡಿ ಇದೆ, ಅಲ್ಲಿ 'ಇತ್ತೀಚೆಗೆ ತಡೆದವು' ಅನ್ನುವ ಪಟ್ಟಿ ಸಿಗುತ್ತದೆ, ಹೆಸರಿನ ಪಕ್ಕದ ಪ್ಲಸ್ ಒತ್ತಿದರೆ ಆಯಿತು. ಆದರೆ ಎರಡು ಸೂಕ್ಷ್ಮ ನೆನಪಿರಲಿ. ಅನುಮತಿ ಕೊಟ್ಟ ಮೇಲೆ ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆಯಬೇಕು, ಓಡುತ್ತಿರುವುದಕ್ಕೆ ಅದು ಲಾಗೂ ಆಗುವುದಿಲ್ಲ. ಸೇವ್ ಆಗದ ಎಂಟನೇ ಅಧ್ಯಾಯವನ್ನು ನಾನು ಕಾವಲಿಲ್ಲದ ಬೇರೊಂದು ಫೋಲ್ಡರಿಗೆ ಇಳಿಸಿ ಉಳಿಸಿಕೊಂಡೆ. ಇನ್ನೊಂದು, ಅನುಮತಿ ಇರುವುದು ಆ ಜಾಗದಲ್ಲಿರುವ ಆ ಪ್ರೋಗ್ರಾಮಿಗೆ. ಅದನ್ನು ಬೇರೆ ಫೋಲ್ಡರಿಗೆ ಎತ್ತಿಟ್ಟರೆ ಮತ್ತೆ ಮೊದಲಿನಿಂದ.

ಎರಡನೇ ದೂರು ಮಗಳದ್ದು. "ಅಪ್ಪಾ, ನನ್ನ ಗೇಮ್ ಸೇವ್ ಆಗ್ತಾನೇ ಇಲ್ಲ, ನೀನೇನೋ ಮಾಡಿದೀಯ." ಮಾಡಿದ್ದೆ. ಎಷ್ಟೋ ಗೇಮ್‌ಗಳು ಆಟದ ಲೆಕ್ಕವನ್ನು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲೇ ಇಡುತ್ತವೆ. ಅವಳಿಗೆ ಎರಡು ಹಂತ ನಷ್ಟ, ನನಗೆ ಎರಡು ದಿನ ಮೌನದ ಶಿಕ್ಷೆ.

ಈಗ ಹೆಚ್ಚಿನವರು ಎಡವುವ ಜಾಗಕ್ಕೆ ಬರುತ್ತೇನೆ. ಸ್ವಿಚ್ ಹಾಕಿದ ಕೂಡಲೇ ಕಾವಲು ಬೀಳುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಮ್ಯೂಸಿಕ್, ಇಂಥ ಮಾಮೂಲು ಫೋಲ್ಡರುಗಳಿಗೆ. ನನ್ನ ಅಸಲಿ ಕೆಲಸವೆಲ್ಲ ಇರುವುದು ಡಿ ಡ್ರೈವಿನಲ್ಲಿ. ಈ ಸ್ವಿಚ್ಚಿಗೆ ಆ ಡ್ರೈವಿನ ಗೊಡವೆಯೇ ಇಲ್ಲ. ನಾನೇ ಪ್ರೊಟೆಕ್ಟೆಡ್ ಫೋಲ್ಡರ್ಸ್ ಪಟ್ಟಿಗೆ ಹೋಗಿ ಸೇರಿಸಬೇಕಾಯಿತು. ನೆಟ್‌ವರ್ಕಿನ ಡ್ರೈವನ್ನೂ ಹೀಗೆ ಸೇರಿಸಬಹುದು.

ಅದೇ ಸಂಜೆ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನೂ ನೋಡಿದೆ, ಸುಮ್ಮನೆ ಕುತೂಹಲಕ್ಕೆ. ಸ್ಕ್ಯಾನ್ ಮಾಡುವಾಗ ಇವನ್ನು ಬಿಟ್ಟುಬಿಡು ಅಂತ ಡಿಫೆಂಡರಿಗೆ ಹೇಳುವ ಪಟ್ಟಿ ಅದು. ಅಲ್ಲಿ ಡಿ ಡ್ರೈವ್ ಇಡಿಯಾಗಿ ಕೂತಿತ್ತು! ಯಾವತ್ತೋ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟವರು 'ಆಂಟಿವೈರಸ್ ತೊಂದರೆ ಕೊಡುತ್ತೆ ಸರ್' ಅಂತ ಸೇರಿಸಿ ಹೋದದ್ದು. ನಾಲ್ಕು ವರ್ಷ ನನ್ನ ಅನ್ನದ ಬಟ್ಟಲನ್ನು ಯಾರೂ ಮುಟ್ಟಿಯೂ ನೋಡಿರಲಿಲ್ಲ. ನೀವು ಬೇರೇನೂ ಮಾಡದಿದ್ದರೂ ಆ ಪಟ್ಟಿಯನ್ನೊಮ್ಮೆ ತೆರೆದು ನೋಡಿ.

ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇರಲಿ. ಒಳಗೆ ಬಂದ ವೈರಸ್ಸು ಮೊದಲು ಮಾಡಲು ನೋಡುವುದೇ ಆಂಟಿವೈರಸ್ಸನ್ನು ಆರಿಸುವ ಕೆಲಸ, ಅದಕ್ಕೆ ಅಡ್ಡಗಾಲು ಇದು. ಅನುಮಾನ ಬಂದ ಫೈಲನ್ನು ಮೈಕ್ರೋಸಾಫ್ಟಿನ ಸರ್ವರ್‌ಗಳಲ್ಲಿ ವಿಚಾರಿಸುವ ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್ ಕೂಡ ಆನ್ ಇರಲಿ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಡಿಫೆಂಡರ್ ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಆಗ ಈ ಸ್ವಿಚ್ಚೂ ಕೈಗೆ ಸಿಗುವುದಿಲ್ಲ.

ನನ್ನ ಅಭಿಪ್ರಾಯ ಗಟ್ಟಿಯಾದದ್ದು ಮೂರನೇ ತಿಂಗಳಲ್ಲಿ, ತೀರ ಆಕಸ್ಮಿಕವಾಗಿ. ಸಾಲುಸಾಲು ಫೋಟೋಗಳ ಹೆಸರನ್ನು ಒಂದೇ ಏಟಿಗೆ ಬದಲಿಸುವ ಪುಟ್ಟ ಪ್ರೋಗ್ರಾಮ್ ಒಂದಿದೆ, ಯಾರೋ ಒಬ್ಬ ಪುಣ್ಯಾತ್ಮ ಬರೆದು ಹಂಚಿದ್ದು. ಪಿಕ್ಚರ್ಸ್‌ನಲ್ಲಿದ್ದ 312 ಸ್ಕ್ಯಾನ್ ಚಿತ್ರಗಳನ್ನು ಅದಕ್ಕೆ ಒಪ್ಪಿಸಿ ಸ್ಟಾರ್ಟ್ ಒತ್ತಿದೆ. 312ಕ್ಕೆ 312 ಕೆಂಪು ಅಡ್ಡಗೆರೆ. ಒಂದರ ಹೆಸರೂ ಬದಲಾಗಿರಲಿಲ್ಲ. ರ‍್ಯಾನ್ಸಮ್‌ವೇರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ, ಗುರುತಿಲ್ಲದ ಪ್ರೋಗ್ರಾಮೊಂದು ಬಂದು ಸಾಲಾಗಿ ಫೈಲುಗಳನ್ನು ತಿರುಚುವುದು. ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಪ್ರೋಗ್ರಾಮಿನ ಹೆಸರು, ಅದು ಮುಟ್ಟಲು ಹೋದ ಫೋಲ್ಡರು, ಹೊತ್ತು, ಎಲ್ಲ ನಮೂದಾಗಿತ್ತು.

ಖುಷಿಪಡುತ್ತಾ ಪರದೆ ನೋಡುವಾಗ ಇನ್ನೊಂದು ಕಂಡಿತು. ಆ ಪ್ರೋಗ್ರಾಮಿನ ಎಡಗಡೆಯಲ್ಲಿ 312 ಚಿತ್ರಗಳ ಪುಟಾಣಿ ರೂಪಗಳೂ ಚೆನ್ನಾಗಿ ಕಾಣುತ್ತಿದ್ದವು. ಅಂದರೆ ಓದಲು ಅದಕ್ಕೆ ಯಾವ ಅಡ್ಡಿಯೂ ಆಗಿರಲಿಲ್ಲ. ಈಗಿನ ರ‍್ಯಾನ್ಸಮ್‌ವೇರ್ ತಂಡಗಳು ಬೀಗ ಹಾಕುವ ಮೊದಲು ಫೈಲುಗಳನ್ನು ಕದ್ದೊಯ್ದು, ದುಡ್ಡು ಕೊಡದಿದ್ದರೆ ಬಯಲಿಗಿಡುತ್ತೇವೆ ಅಂತ ಹೆದರಿಸುತ್ತವೆ. ಆ ಕಳ್ಳತನವನ್ನು ಈ ಸ್ವಿಚ್ಚು ತಡೆಯುವುದಿಲ್ಲ, ತಡೆಯಲು ಮಾಡಿದ್ದೂ ಅಲ್ಲ. ನಂಬಿಕೆಯ ಪ್ರೋಗ್ರಾಮನ್ನೇ ಮುಂದಿಟ್ಟುಕೊಂಡು ಬರುವವರ ಎದುರೂ ಇದರ ಆಟ ನಡೆಯದು. ಗುರುತಿಲ್ಲದವರು ಕಳಿಸಿದ ವರ್ಡ್ ಫೈಲಿನಲ್ಲಿ ಮ್ಯಾಕ್ರೋ (ಫೈಲಿನೊಳಗೆ ಅಡಗಿರುವ ಪುಟ್ಟ ಪ್ರೋಗ್ರಾಮ್) ಚಾಲೂ ಮಾಡಲು ಒತ್ತಿ ಅಂದರೆ ಒತ್ತಬಾರದು ಅನ್ನುವುದು ಅದಕ್ಕೇ.

ಹಾಗಾಗಿ ಬ್ಯಾಕಪ್ಪಿನ ಹಾರ್ಡ್ ಡಿಸ್ಕನ್ನು ಈಗ ಶನಿವಾರ ಮಾತ್ರ ಚುಚ್ಚುತ್ತೇನೆ, ನಕಲಾದ ಕೂಡಲೇ ಕಿತ್ತು ಬೀರುವಿನಲ್ಲಿಡುತ್ತೇನೆ. ಸ್ವಿಚ್ಚಿರುವ ಪುಟದ ಕೆಳಗೆ ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಆನ್‌ಲೈನ್ ಉಗ್ರಾಣ) ಹೊಂದಿಸಿಕೊಳ್ಳಿ ಅನ್ನುವ ಸೂಚನೆಯೂ ಇದೆ. ಉಚಿತವಾಗಿ ಸಿಗುವುದು 5 ಜಿಬಿ, ನನ್ನ ಒಂದು ಚಿತ್ರಪುಸ್ತಕಕ್ಕೂ ಸಾಲದು. ಬರೀ ಅಕ್ಷರವಿರುವ ಕಡತಗಳನ್ನು ಅಲ್ಲಿಟ್ಟಿದ್ದೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿತ ಯಾಕೆಂದರೆ, ಏನನ್ನೂ ತಡೆಯದೆ ಯಾವ್ಯಾವುದನ್ನು ತಡೆಯುತ್ತಿದ್ದೆ ಅಂತ ಬರೆದಿಡುವ ಆಡಿಟ್ ಮೋಡ್ ಇದರಲ್ಲಿ ಇದೆ. ಒಂದು ವಾರ ಅದರಲ್ಲಿಟ್ಟು, ಪಟ್ಟಿ ನೋಡಿ, ಬೇಕಾದವಕ್ಕೆ ಅನುಮತಿ ಕೊಟ್ಟು, ಆಮೇಲೆ ಆನ್ ಮಾಡಿದ್ದರೆ ಎಂಟನೇ ಅಧ್ಯಾಯದ ಗಾಬರಿಯೂ ಇಲ್ಲ, ಮಗಳ ಮುನಿಸೂ ಇಲ್ಲ. ಆದರೆ ಆ ಸೌಲಭ್ಯಕ್ಕೆ ಪರದೆಯ ಮೇಲೆ ಗುಂಡಿಯಿಲ್ಲ, ಪವರ್‌ಶೆಲ್‌ನ ಕಪ್ಪು ಕಿಟಕಿಯಲ್ಲಿ ಆಜ್ಞೆ ಬರೆಯಬೇಕು, ಫಲಿತಾಂಶವನ್ನು ವಿಂಡೋಸಿನ ದಿನಚರಿ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ 1124 ಅನ್ನುವ ಸಂಖ್ಯೆಯಡಿ ಹುಡುಕಬೇಕು. ನನ್ನಂಥವನಿಗೆ ಇದು ತಿಳಿದದ್ದು ಆರು ತಿಂಗಳಾದ ಮೇಲೆ.

ಹೆಸರು ಬದಲಿಸುವ ಆ ಪುಟ್ಟ ಪ್ರೋಗ್ರಾಮಿಗೆ ಇವತ್ತಿಗೂ ಅನುಮತಿ ಕೊಟ್ಟಿಲ್ಲ. ಚಿತ್ರಗಳನ್ನು ಹೊರಗಿನ ಫೋಲ್ಡರಿಗೆ ನಕಲು ಮಾಡಿ, ಅಲ್ಲಿ ಹೆಸರು ಬದಲಿಸಿ, ಮತ್ತೆ ಒಳಗೆ ತಂದು ಹಾಕುತ್ತೇನೆ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಮಗಳ ಗೇಮ್‌ಗೆ ಮಾತ್ರ ಅವತ್ತೇ ಕೊಟ್ಟೆ.