ನಸುಕಿನಲ್ಲಿ ಕೂಗುತ್ತಿದ್ದ ಕಾರ್ ಅಲಾರಂ ಮತ್ತು ಹದಡಿ ರಸ್ತೆಯ ಆಟೋ ಎಲೆಕ್ಟ್ರಿಷಿಯನ್

ನಮ್ಮದು 2016ರ ಕಾರು. ಕಂಪನಿಯಿಂದ ಬರುವಾಗ ಅಲಾರಂ ಇಲ್ಲದ ಮಾದರಿಯಾದ್ದರಿಂದ ಸೆಂಟ್ರಲ್ ಲಾಕ್ ಮತ್ತು ಅಲಾರಂ ಎರಡನ್ನೂ ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದೆವು. ಇಷ್ಟು ವರ್ಷ ತೆಪ್ಪಗಿದ್ದ ಅದು ಕಳೆದ ಡಿಸೆಂಬರಿನಲ್ಲಿ, ನಸುಕಿನ ನಾಲ್ಕು ಗಂಟೆಯ ಸುಮಾರಿಗೆ, ಯಾರೂ ಮುಟ್ಟದಿದ್ದರೂ ಕೂಗತೊಡಗಿತು. ದಾವಣಗೆರೆಯ ಎಂ.ಸಿ.ಸಿ. 'ಬಿ' ಬ್ಲಾಕಿನ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಹಾಲಿನವನ ಸದ್ದೂ ಇರುವುದಿಲ್ಲ. ನಾನು ರಿಮೋಟ್ ಹಿಡಿದು ಹೊರಗೆ ಬರುವಷ್ಟರಲ್ಲಿ ಎದುರು ಮನೆಯ ನಿವೃತ್ತ ಮೇಷ್ಟ್ರು ಶಾಲು ಹೊದ್ದು ಗೇಟಿನ ಬಳಿ ನಿಂತಿರುತ್ತಿದ್ದರು. ಅವರು ಏನೂ ಅನ್ನದೇ ಇದ್ದುದೇ ನನಗೆ ಹೆಚ್ಚು ಮುಜುಗರ ತರುತ್ತಿತ್ತು.

ಮೊದಲು ತೋರಿಸಿದ ಸರ್ವಿಸ್ ಸೆಂಟರಿನಲ್ಲಿ ಬಾನೆಟ್ಟನ್ನೂ ಎತ್ತದೆ, ಇಡೀ ಯೂನಿಟ್ ಬದಲಿಸಬೇಕು, ಆರೂವರೆ ಸಾವಿರ ಆಗುತ್ತದೆ ಎಂದರು. ಗೆಳೆಯರೊಬ್ಬರ ಮಾತು ಕೇಳಿ, ಗಾಡಿಗೆ ಬೀಳುವ ಪೆಟ್ಟನ್ನು ಗುರುತಿಸುವ ಶಾಕ್ ಸೆನ್ಸರಿನ ತಿರುಪನ್ನು ನಾನೇ ತಿರುಗಿಸಿ ಅದರ ಸೂಕ್ಷ್ಮತೆಯನ್ನು ಪೂರ್ತಿ ತಗ್ಗಿಸಿದೆ. ಕೂಗು ನಿಲ್ಲಲಿಲ್ಲ. ಆಮೇಲೆ ಹೋದದ್ದು ಹದಡಿ ರಸ್ತೆಯಲ್ಲಿ ಬೇವಿನ ಮರದ ಕೆಳಗಿರುವ ಒಂದು ಶಟರಿನ ಅಂಗಡಿಗೆ. ಈ ಬರಹ ಆ ಅಂಗಡಿಯ ಕೆಲಸದ ಬಗ್ಗೆ.

ಅಲ್ಲಿನ ಎಲೆಕ್ಟ್ರಿಷಿಯನ್ ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮೊದಲು, "ಯಾವ ಹೊತ್ತಿಗೆ ಬಡ್ಕಂತೈತಿ ಸರ್ ಇದು?" ಎಂದು ಕೇಳಿದರು. ನಸುಕಿನಲ್ಲಿ ಎಂದೆ. "ಗಾಡಿ ತೊಳೆದ ದಿನಾನೂ ಬಡ್ಕಂಡಿತ್ತಾ?" ಎಂದಾಗ ಮಾತ್ರ ನನಗೆ ಎರಡು ಭಾನುವಾರ ತೊಳೆದು ಲಾಕ್ ಮಾಡಿದ ಸ್ವಲ್ಪ ಹೊತ್ತಿಗೇ ಕೂಗಿದ್ದು ನೆನಪಾಯಿತು. ದೋಷ ಎಲ್ಲಿರಬಹುದು ಎಂಬ ಅಂದಾಜು ಅವರಿಗೆ ಆಗಲೇ ಸಿಕ್ಕಿತ್ತೆಂದು ಈಗ ಅನ್ನಿಸುತ್ತದೆ. ಆದರೂ ಅಂದಾಜಿನ ಮೇಲೆ ಒಂದು ತಂತಿಯನ್ನೂ ಕತ್ತರಿಸಲಿಲ್ಲ.

ಮೊದಲು ಬ್ಯಾಟರಿ ನೋಡಿದರು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಗಾಡಿ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಅದು 12ಕ್ಕಿಂತ ಕೆಳಗೆ ಕುಸಿದರೆ ಅಲಾರಂ ಸುಮ್ಮಸುಮ್ಮನೆ ಕೂಗುವುದುಂಟು. ನಮ್ಮದು 12.5 ಇತ್ತು. ನಂತರ ಶಾಕ್ ಸೆನ್ಸರಿನ ಪ್ಲಗ್ಗನ್ನೇ ಕಿತ್ತು ಬದಿಗಿಟ್ಟರು. ಬಾಗಿಲುಗಳನ್ನು ಒಂದೊಂದಾಗಿ ಅಲುಗಾಡಿಸಿ ಒಳಗಿನ ದೀಪ ಮಿನುಗುತ್ತದೆಯೇ ಎಂದು ಗಮನಿಸಿದರು, ಏಕೆಂದರೆ ಬಾಗಿಲಿನ ಸ್ವಿಚ್ ಸಡಿಲವಾಗಿದ್ದರೆ ಆ ದೀಪವೇ ಅದನ್ನು ಹೇಳಿಬಿಡುತ್ತದೆ. ಅಲ್ಲಿಯೂ ಏನೂ ಸಿಗಲಿಲ್ಲ.

ಉಳಿದದ್ದು ಬಾನೆಟ್ಟಿನ ಕೆಳಗಿನ ಪಿನ್ ಸ್ವಿಚ್. ಹೆಬ್ಬೆರಳಿನಷ್ಟು ಸಣ್ಣ ವಸ್ತು. ಬಾನೆಟ್ ಮುಚ್ಚಿದಾಗ ಪಿನ್ ಕೆಳಗೆ ಒತ್ತಿಕೊಂಡು ಸಂಪರ್ಕ ಕಡಿದಿರುತ್ತದೆ. ತೆರೆದಾಗ ಸ್ಪ್ರಿಂಗಿನಿಂದ ಮೇಲೆದ್ದು, ಅಲಾರಂನಿಂದ ಬಂದ ತಂತಿಯನ್ನು ಗಾಡಿಯ ಬಾಡಿಗೆ, ಅಂದರೆ ಅರ್ತ್‌ಗೆ ಸೇರಿಸುತ್ತದೆ. ಅಲಾರಂ ಹಾಕಿದವರು ಅದನ್ನು ನೀರು ಹರಿದು ಬರುವ ಸಂದಿಯ ಅಂಚಿನಲ್ಲೇ ಕೂರಿಸಿದ್ದರು. ಎಲೆಕ್ಟ್ರಿಷಿಯನ್ ತಂತಿ ಬಿಚ್ಚಿ, ಪಿನ್ನನ್ನು ಬೆರಳಿನಿಂದ ಒತ್ತಿ ಹಿಡಿದು, ವಿದ್ಯುತ್ ಸಂಪರ್ಕ ಪರೀಕ್ಷಿಸುವ ಮಲ್ಟಿಮೀಟರನ್ನು ಸ್ವಿಚ್ಚಿಗೂ ಬಾಡಿಗೂ ಹಚ್ಚಿದರು. ಮೀಟರ್ ಸಂಪರ್ಕ ಇಲ್ಲವೆಂದೇ ತೋರಿಸಿತು. ಬಳಿಕ ನೀರಿನ ಬಾಟಲಿಯ ಮುಚ್ಚಳದಿಂದ ನಾಲ್ಕು ಹನಿ ಅದರ ಮೇಲೆ ಬಿಟ್ಟರು. ಒಳಗೆ ತುಕ್ಕು ಮತ್ತು ದಾವಣಗೆರೆಯ ಧೂಳು ಸೇರಿ ಗಟ್ಟಿಯಾಗಿದ್ದ ಕೆಸರು ನೀರು ಕುಡಿಯುತ್ತಿದ್ದಂತೆ ಮೀಟರಿನಲ್ಲಿ ಅಂಕಿಗಳು ಕಾಣಿಸಿಕೊಂಡು ಇಳಿಯತೊಡಗಿದವು, ಅಂದರೆ ತಡೆ ಕಡಿಮೆಯಾಗಿ ಸಂಪರ್ಕ ಏರ್ಪಡುತ್ತಿತ್ತು. ನಸುಕಿನ ಇಬ್ಬನಿ ಮಾಡುತ್ತಿದ್ದುದೂ ಇದನ್ನೇ: ಬಾನೆಟ್ ಮುಚ್ಚಿದ್ದರೂ ತೇವದ ಮೂಲಕ ವಿದ್ಯುತ್ ಸೋರಿ, ಯಾರೋ ಬಾನೆಟ್ ತೆರೆದರು ಎಂದು ಅಲಾರಂ ತಿಳಿಯುತ್ತಿತ್ತು.

ನನಗೆ ಬಹಳ ಹಿಡಿಸಿದ್ದು ಮುಂದಿನ ಹೆಜ್ಜೆ. ಆ ದಿನ ಹೊಸ ಸ್ವಿಚ್ ಹಾಕಲಿಲ್ಲ. ಬಿಚ್ಚಿದ ತಂತಿಯ ತುದಿಗೆ ಟೇಪ್ ಸುತ್ತಿ, ಶಾಕ್ ಸೆನ್ಸರನ್ನು ಮತ್ತೆ ಜೋಡಿಸಿ ಮಧ್ಯಮಕ್ಕೆ ತಂದು, "ಎರಡು ರಾತ್ರಿ ಹಿಂಗೇ ಬಿಡ್ರಿ, ಬಡ್ಕಳ್ಳಿಲ್ಲಂದ್ರೆ ಬರ್ರಿ" ಎಂದು ಹೇಳಿ ದುಡ್ಡು ತೆಗೆದುಕೊಳ್ಳದೆ ಕಳುಹಿಸಿದರು. ನಾನು ತಗ್ಗಿಸಿಟ್ಟಂತೆಯೇ ಬಿಟ್ಟಿದ್ದರೆ, ಗಾಜು ಒಡೆದರೂ ಬಾಯಿ ಬಿಡದ ಅಲಾರಂ ನಮ್ಮದಾಗಿರುತ್ತಿತ್ತು. ಎರಡು ರಾತ್ರಿಯೂ ಸದ್ದಿಲ್ಲ. ಮೂರನೆಯ ದಿನ ಹೊಸ ಸ್ವಿಚ್ಚನ್ನು ನೀರು ತಾಗದ ಎತ್ತರದ ಜಾಗದಲ್ಲಿ, ರಬ್ಬರ್ ಟೋಪಿಯೊಂದಿಗೆ ಕೂರಿಸಿದರು. ಸ್ವಿಚ್ಚಿಗೆ 150, ಕೂಲಿ 300, ಒಟ್ಟು 450 ರೂಪಾಯಿ.

ಕೊರತೆಗಳೂ ಇವೆ. ತಂತಿಯ ಜೋಡಣೆಯನ್ನು ಹೊಸೆದು ಟೇಪ್ ಸುತ್ತಿ ಮುಗಿಸಲು ಹೊರಟಿದ್ದರು. ಎಂಜಿನ್ನಿನ ಬಿಸಿಗೆ ಟೇಪಿನ ಅಂಟು ಬಿಡುತ್ತದೆಂದು ನಾನು ಒತ್ತಾಯಿಸಿದ ಮೇಲೆ ಬೆಸುಗೆ ಹಾಕಿ, ಅದರ ಮೇಲೆ ಕೊಳವೆಯಂಥ ಹೊದಿಕೆ (ಸ್ಲೀವ್) ತೊಡಿಸಿದರು. ಕೇಳದಿದ್ದರೆ ಮಾಡುತ್ತಿರಲಿಲ್ಲ. ಮುದ್ರಿತ ಬಿಲ್ ಇಲ್ಲ, ಸ್ವಿಚ್ಚಿಗೆ ಗ್ಯಾರಂಟಿ ಎಂಬುದು ಬಾಯಿಮಾತು. ಟ್ರ್ಯಾಕ್ಟರು, ಆಟೋ, ಟಾಟಾ ಏಸ್ ಎಲ್ಲವೂ ಒಬ್ಬರ ಕೈಗೇ ಬರುವುದರಿಂದ ಮೊದಲ ದಿನ ಒಂದೂವರೆ ಗಂಟೆ ಕಾದೆ. ಕೂರಲು ಇರುವುದು ಹಳೆಯ ಕಾರಿನಿಂದ ಕಿತ್ತ ಒಂದು ಸೀಟು, ಅದರಲ್ಲೂ ಆಗಲೇ ಒಬ್ಬರು ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು ಕುಳಿತಿದ್ದರು.

ಇದಾದ ಮೇಲೆ ಎರಡು ತಿಂಗಳಲ್ಲಿ ಕಾರನ್ನು ಏಳೆಂಟು ಸಲ ತೊಳೆದಿದ್ದೇನೆ, ಅಲಾರಂ ಕೂಗಿಲ್ಲ. ಇಂಥದೇ ತೊಂದರೆಗೆ ಅಲ್ಲಿಗೆ ಹೋಗುವವರು ಕೂಗಿದ ಹೊತ್ತನ್ನೂ ಆ ದಿನದ ಹವೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು, ಎರಡೂ ರಿಮೋಟ್ ಹಿಡಿದು, ಬೆಳಿಗ್ಗೆ ಹತ್ತರೊಳಗೆ ಹೋಗಬೇಕು. ಅಮಾವಾಸ್ಯೆಯ ದಿನ ಪೂಜೆ ಮುಗಿಯುವವರೆಗೆ ಅವರು ಗಾಡಿ ಮುಟ್ಟುವುದಿಲ್ಲ.